ಒಪ್ಪಿಗೆ ಒತ್ತಿದಿರೋ, ಜಾಮೀನು ನಿಂತಿರಿ!

ಹುಣ್ಣಿಮೆ ದಿನ ಹುಲಿಗಿಗೆ ಬಂದವರಿಗೆ ಇಲ್ಲಿಯ ಗದ್ದಲ ಹೇಳಬೇಕಾದ್ದಿಲ್ಲ. ತುಂಗಭದ್ರೆಯಲ್ಲಿ ಮಿಂದು, ಹುಲಿಗೆಮ್ಮನ ಗುಡಿ ಮುಂದೆ ಪಾಳಿ ಹಚ್ಚಿ, ಎತ್ತ ನೋಡಿದರತ್ತ ಮಂದಿಯೇ ಮಂದಿ. ಗದಗಿನವರು, ಬಳ್ಳಾರಿಯವರು, ರಾಯಚೂರಿನವರು, ಆಚೆ ಆಂಧ್ರದಿಂದ ಬಂದವರು. ಯಾರಿಗೆ ಯಾರೂ ಪರಿಚಯವಿಲ್ಲ. ಆದರೂ ಒಂದು ರಿವಾಜು ಮಾತ್ರ ಇಂದಿಗೂ ತಪ್ಪಿಲ್ಲ. ಚಹಾದಂಗಡಿ ಬೆಂಚಿನ ಮೇಲೆ ಹೊಸ ಮುಖವೊಂದು ಬಂದು ಕೂತಿತೋ, ಪಕ್ಕದಲ್ಲಿ ಬೀಡಿ ಸೇದುತ್ತಿರುವ ಹಿರಿಯ ಸುಮ್ಮನೆ ಬಿಡುವುದಿಲ್ಲ.

"ಯಾವೂರ್ರೀ ನಿಮ್ದು? ಯಾರ ಪೈಕಿ?"

ಬಂದವನು ಊರು ಹೇಳುತ್ತಾನೆ. "ಅಲ್ಲಿ ಇಂಥವ್ರು ನಿಮಗ ಗೊತ್ತೇನ್ರೀ?" ಎಂದು ಎರಡನೇ ಪ್ರಶ್ನೆ ಬರುತ್ತದೆ. ಗೊತ್ತು ಅಂದರೆ ಚಹಾ ಬರುತ್ತದೆ, ಗೊತ್ತಿಲ್ಲ ಅಂದರೂ ಚಹಾ ಬರುತ್ತದೆ. ಆದರೆ ಗೊತ್ತಿಲ್ಲ ಅಂದವನ ಕೈಗೆ ಯಾರೂ ರೊಕ್ಕ ಕೊಡುವುದಿಲ್ಲ, ಮನೆಯ ಬೀಗದ ಕೈ ಕೊಡುವುದಿಲ್ಲ.

ಇದೇ ಹಿರಿಯನ ಅಂಗಿ ಜೇಬಿನಲ್ಲಿ ಈಗ ಒಂದು ಮೊಬೈಲು ಇದೆ. ಅದು ಟಿಣ್ ಎನ್ನುತ್ತದೆ. ಕನ್ನಡಕ ಏರಿಸಿ ನೋಡುತ್ತಾನೆ. ಯಾರದೋ ಫ್ರೆಂಡ್ ರಿಕ್ವೆಸ್ಟ್. ಯಾವೂರು ಅಂತ ಕೇಳಲಿಲ್ಲ, ಯಾರ ಪೈಕಿ ಅಂತ ಕೇಳಲಿಲ್ಲ. ಹೆಬ್ಬೆರಳು ಒತ್ತಿತು. ಅಪರಿಚಿತ ಒಳಗೆ ಬಂದ. ಬೆಂಚಿನ ಮೇಲೆ ಕೂತವನಿಗೆ ಎರಡು ಪ್ರಶ್ನೆ ಕೇಳುವ ಮನುಷ್ಯ, ಮನೆಯೊಳಗೇ ಬಂದವನಿಗೆ ಒಂದನ್ನೂ ಕೇಳಲಿಲ್ಲ.

ಇದನ್ನು ಬುದ್ಧಿವಾದ ಹೇಳಲು ಬರೆಯುತ್ತಿಲ್ಲ. ನಾನೇ ಒತ್ತಿದವನು. ಒತ್ತಿ ಬೇರೆಯವರ ಮನೆ ಕೆಡಿಸಿದವನು. ಅದನ್ನು ಮೊದಲು ಹೇಳಿಬಿಡುತ್ತೇನೆ.

ಮಾಸ್ತರರ ಎರಡನೇ ಖಾತೆ

ಹುಲಿಗಿಯ ಆಸುಪಾಸಿನ ಒಂದು ಹಳ್ಳಿಯಲ್ಲಿ ನಿವೃತ್ತ ಮಾಸ್ತರರೊಬ್ಬರು ಇದ್ದಾರೆ. ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದವರು. ಪಿಯುಸಿ ಅರ್ಧಕ್ಕೆ ಬಿಟ್ಟು ಬಸ್‌ಸ್ಟ್ಯಾಂಡಿನಲ್ಲಿ ಕೂತು ಕಾಲ ಕಳೆಯುತ್ತಿದ್ದ ನನ್ನನ್ನು ಕರೆದು, "ಲೇ ತಮ್ಮಾ, ನಿನಗ ನಾಕು ಸಾಲು ನೆಟ್ಟಗ ಬರಿಯಾಕ ಬರ್ತೈತಿ, ಪೇಪರಿಗೆ ಹೋಗು" ಎಂದು ಈ ಕಸುಬಿಗೆ ಹಚ್ಚಿದವರೂ ಅವರೇ. ಅವರ ಹೆಸರು ಇಲ್ಲಿ ಬೇಡ.

ಒಂದು ದಿನ ಅವರ ಹೆಸರಿನಿಂದ ನನಗೆ ಫ್ರೆಂಡ್ ರಿಕ್ವೆಸ್ಟ್ ಬಂತು. ಅದೇ ಹೆಸರು. ನಿವೃತ್ತಿ ದಿನ ಶಾಲು ಹೊದಿಸಿ ಮಾಲೆ ಹಾಕಿದ ಅದೇ ಫೋಟೋ. ಅವರು ಮೊದಲೇ ನನ್ನ ಪಟ್ಟಿಯಲ್ಲಿ ಇದ್ದರು. ಹಾಗಾದರೆ ಇದು ಎರಡನೇದು ಯಾಕೆ? ಕೇಳಬೇಕಾದ ಪ್ರಶ್ನೆ ಅದೊಂದೇ ಆಗಿತ್ತು. ನಾನು ಕೇಳಲಿಲ್ಲ. ಪಾಸ್‌ವರ್ಡ್ ಮರೆತು ಹೊಸದು ಮಾಡಿರಬೇಕು ಅಂದುಕೊಂಡೆ. ಬಸ್ಸು ಬಂದಿತ್ತು, ಒಂದು ಕಾಲು ಫುಟ್‌ಬೋರ್ಡಿನ ಮೇಲಿತ್ತು. ಒತ್ತಿದೆ, ಹತ್ತಿದೆ.

ಮೂರನೇ ದಿನಕ್ಕೆ ಮಾಸ್ತರರ ಹಳೆಯ ವಿದ್ಯಾರ್ಥಿಗಳಿಗೆ ಸಂದೇಶ ಹೋಗಲು ಶುರುವಾಯಿತು. ಆಸ್ಪತ್ರೆಯಲ್ಲಿದ್ದೇನೆ, ತುರ್ತಾಗಿ ಹಣದ ಅವಶ್ಯಕತೆ ಇದೆ, ನಾಳೆಯೇ ಹಿಂದಿರುಗಿಸುತ್ತೇನೆ, ಈ ನಂಬರಿಗೆ ಹಾಕಿ. ಬೆಂಗಳೂರಿನಲ್ಲಿ ನರ್ಸ್ ಆಗಿರುವ ಹೆಣ್ಣುಮಗಳೊಬ್ಬಳು 12,000 ರೂಪಾಯಿ ಹಾಕಿದಳು. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುವ ಹುಡುಗ ಮುಕಾದಮನ ಹತ್ತಿರ ಕೈಗಡ ತಂದು 2,000 ಹಾಕಿದ.

ನರ್ಸ್‌ಗೆ ಹಾಕಿದ ಮೇಲೆ ಅನುಮಾನ ಬಂತು. ಮಾಸ್ತರರು ಎಂದೂ 'ಹಣದ ಅವಶ್ಯಕತೆ' ಅಂದವರಲ್ಲ, ಅವರ ಬಾಯಲ್ಲಿ ಅದು ರೊಕ್ಕ. ಹಳೆಯ ನಂಬರಿಗೆ ಫೋನ್ ಹಚ್ಚಿದಳು. ಮಾಸ್ತರರು ಹೊಲದಲ್ಲಿದ್ದರು. "ಯವ್ವಾ, ನಾನು ಯಾರಿಗೂ ರೊಕ್ಕ ಕೇಳಿಲ್ಲ" ಎಂದರು. ಅರ್ಧ ತಾಸಿನೊಳಗೆ ಆಕೆ 1930ಕ್ಕೆ ಕರೆ ಮಾಡಿ ದೂರು ಬರೆಸಿದಳು. ಹಣ ಕಳ್ಳರ ಖಾತೆಯಿಂದ ಮುಂದೆ ಹೋಗುವ ಮೊದಲೇ ತಡೆ ಬಿತ್ತು. ಕೆಲವು ತಿಂಗಳ ಮೇಲೆ ತಿರುಗಿ ಬಂತು. ಹಮಾಲಿ ಹುಡುಗನಿಗೆ ವಿಷಯ ಗೊತ್ತಾದದ್ದು ನಾಲ್ಕು ದಿನದ ಮೇಲೆ. ಅವನ 2,000 ಹೋಯಿತು, ಹೋದದ್ದೇ.

ಅವನನ್ನು ನಾನು ಸುದ್ದಿಗಾರನ ಗತ್ತಿನಲ್ಲಿ ಕೇಳಿದೆ, "ಅಲ್ಲೋ, ನೋಡದ ಮಾಡದ ಹೆಂಗ ಹಾಕಿದಿ?"

ಅವನು ಅಂದದ್ದು ಇಷ್ಟು: "ಸರ, ನೋಡಿದೆನ್ರೀ. ಪಟ್ಟ್ಯಾಗ ನೀವ್ ಇದ್ರಲ್ರೀ. ಪೇಪರಿನವ್ರು ಗೆಳೆಯಾ ಅಂತ ಒಪ್ಪ್ಯಾರ ಅಂದ ಮ್ಯಾಲೆ ಖರೇನ ಇರಬೇಕಂತ ಹಾಕಿದೆ."

ನನ್ನ ಗತ್ತು ಅಲ್ಲೇ ಇಳಿಯಿತು.

ಇದೇ ನಾನು ಹೇಳಬೇಕೆಂದಿರುವ ಮಾತು

ಓದುಗರೇ, ನಾವೆಲ್ಲ ಏನು ತಿಳಿದಿದ್ದೇವೆ? ಫ್ರೆಂಡ್ ರಿಕ್ವೆಸ್ಟ್ ಅಂದರೆ ನನಗೂ ಅವನಿಗೂ ಸಂಬಂಧಿಸಿದ್ದು. ಮೋಸವಾದರೆ ನನಗಾಗುತ್ತದೆ, ನನ್ನ ರೊಕ್ಕ ನಾನು ಕೊಡದಿದ್ದರಾಯಿತು. ಹೀಗೆಂದು ಸಮಾಧಾನ ಮಾಡಿಕೊಳ್ಳುತ್ತೇವೆ. ಇದು ತಪ್ಪು. ಸೊಸೈಟಿಯಲ್ಲಿ ಸಾಲ ಎತ್ತುವವನಿಗೆ ಜಾಮೀನುದಾರ ಬೇಕು. ಜಾಮೀನುದಾರ ಒಂದು ರೂಪಾಯಿ ಕೊಡುವುದಿಲ್ಲ, ತೊಗೊಳ್ಳುವುದಿಲ್ಲ, ಸಹಿ ಮಾತ್ರ ಹಾಕುತ್ತಾನೆ. ಆದರೆ ಆ ಸಹಿ ನೋಡಿಯೇ ಸೊಸೈಟಿಯವರು ಸಾಲ ಕೊಡುವುದು.

ನೀವು ಒಪ್ಪಿಗೆ ಒತ್ತಿದ ಕ್ಷಣದಿಂದ ನಿಮ್ಮ ಹೆಸರು ಆ ಅಪರಿಚಿತನ ಪಟ್ಟಿಯಲ್ಲಿ 'ಮ್ಯೂಚುವಲ್ ಫ್ರೆಂಡ್' ಆಗಿ ಕೂರುತ್ತದೆ. ನಿಮ್ಮ ತಂಗಿಗೆ, ನಿಮ್ಮ ಸೋದರಮಾವನಿಗೆ, ನಿಮ್ಮ ಓಣಿಯ ಹುಡುಗರಿಗೆ ಅವನು ಮುಂದಿನ ರಿಕ್ವೆಸ್ಟ್ ಕಳಿಸಿದಾಗ ಅವರ ಕಣ್ಣಿಗೆ ಬೀಳುವುದು ನಿಮ್ಮ ಹೆಸರು. "ಅಣ್ಣ ಇದ್ದಾನ, ನಮ್ಮವನೇ ಇರಬೇಕು" ಎಂದು ಅವರು ಒತ್ತುತ್ತಾರೆ. ಈಗ ಇಬ್ಬರು ಜಾಮೀನುದಾರರಾದರು. ನಾಳೆಗೆ ಇಪ್ಪತ್ತು. ಕಳ್ಳನಿಗೆ ಬೇಕಾದದ್ದು ನಿಮ್ಮ ರೊಕ್ಕವೇ ಆಗಬೇಕೆಂದಿಲ್ಲ, ನಿಮ್ಮ ಸಹಿ ಸಾಕು. ನೀವು ಬಡವರಿರಬಹುದು, ನಿಮ್ಮ ಹೆಸರು ಬಡವಲ್ಲ.

ಊರಲ್ಲಿ ನಾಲ್ಕು ಮಂದಿಗೆ ಗೊತ್ತಿರುವವರು ಇದನ್ನು ಹೆಚ್ಚು ಯೋಚಿಸಬೇಕು. ಮಾಸ್ತರರು, ಪಂಚಾಯಿತಿ ಸದಸ್ಯರು, ಆಶಾ ಕಾರ್ಯಕರ್ತೆಯರು, ಡಾಕ್ಟರು, ಪೂಜಾರರು ಮತ್ತು ನಮ್ಮಂಥ ಪೇಪರಿನವರು. ಐದು ಸಾವಿರ ಗೆಳೆಯರಿದ್ದಾರೆ ಎಂದು ಎದೆ ಉಬ್ಬಿಸುವ ಪುಢಾರಿಗಳಂತೂ ಐದು ಸಾವಿರ ಸಾಲಪತ್ರಕ್ಕೆ ಓದದೇ ಸಹಿ ಹಾಕಿದವರೇ ಸರಿ.

ನನ್ನ ಪಟ್ಟಿ ಬೆಳೆದದ್ದು ಹೇಗೆ ಅಂತಲೂ ಹೇಳಿಬಿಡುತ್ತೇನೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್‌ಗೇಟ್ ಚೈನು ಕಡಿದು ಕೊಚ್ಚಿ ಹೋಯಿತಲ್ಲ, ಆ ವಾರ ನದಿ ದಂಡೆಯ ನಮಗೆ ನಿದ್ದೆ ಇರಲಿಲ್ಲ. ಯಾರು ಹೊಸ ವಿಡಿಯೋ ಹಾಕಿದರೋ ಅವರೆಲ್ಲ ಗೆಳೆಯರು, ಯಾರು "ಅಣ್ಣಾ ನೀರೆಷ್ಟು ಬಿಟ್ಟಾರ" ಎಂದು ಕೇಳಿದರೋ ಅವರೂ ಗೆಳೆಯರು. ಗೇಟಿಗೆ ಸ್ಟಾಪ್‌ಲಾಗ್ ಇಳಿಸಿ ನೀರು ನಿಲ್ಲಿಸಿದರು. ನನ್ನ ಗೇಟು ಮಾತ್ರ ತೆರೆದೇ ಉಳಿಯಿತು.

ವೇಷ ನಾನಾ ಬಗೆ

ನಕಲಿ ಖಾತೆಗಳು ಎಷ್ಟಿವೆ? 2019ರ ಮೊದಲ ಮೂರು ತಿಂಗಳಲ್ಲಿ 200 ಕೋಟಿಗೂ ಹೆಚ್ಚು ನಕಲಿ ಖಾತೆ ತೆಗೆದು ಹಾಕಿದ್ದೇವೆ ಎಂದು ಫೇಸ್‌ಬುಕ್ ಕಂಪನಿಯೇ ಹೇಳಿಕೊಂಡಿದೆ. ಬಹುಪಾಲು ಹುಟ್ಟಿದ ಕೂಡಲೇ ತೆಗೆದವು ಎಂಬುದೂ ನಿಜ. ಆದರೆ ಉಳಿದುಕೊಂಡದ್ದರಲ್ಲಿ ಒಂದು ನಿಮ್ಮ ಬಾಗಿಲಿಗೆ ಬಂದರೂ ಸಾಕಲ್ಲ.

ಮೊದಲನೆಯ ವೇಷ, ಮಾಸ್ತರರಿಗಾದದ್ದು. ನಿಮ್ಮದೇ ಫೋಟೋ, ನಿಮ್ಮದೇ ಹೆಸರು ಎತ್ತಿ ಇನ್ನೊಂದು ಖಾತೆ ಮಾಡುವುದು. ಇದಕ್ಕೆ ದೊಡ್ಡ ವಿದ್ಯೆ ಏನೂ ಬೇಕಿಲ್ಲ, ಪಾಸ್‌ವರ್ಡ್ ಕದಿಯುವುದೂ ಬೇಡ. ನೀವು ಊರಿಗೆಲ್ಲ ಕಾಣುವಂತೆ ಹಾಕಿದ ಫೋಟೋ ಮತ್ತು ನಿಮ್ಮ ಗೆಳೆಯರ ಪಟ್ಟಿ, ಎರಡೇ ಸಾಕು.

ಪೊಲೀಸರಿಗೇ ಇದು ಬಿಟ್ಟಿಲ್ಲ. 2020ರಲ್ಲಿ ನಮ್ಮ ರಾಜ್ಯದ ಹಲವು ಪೊಲೀಸ್ ಅಧಿಕಾರಿಗಳ ಹೆಸರಲ್ಲೇ ನಕಲಿ ಖಾತೆ ತೆರೆದು ರೊಕ್ಕ ಕೇಳಿದ ಪ್ರಕರಣಗಳು ಬೆಳಕಿಗೆ ಬಂದವು. ತನಿಖೆಯ ಜಾಡು ರಾಜಸ್ಥಾನದ ಭರತಪುರದವರೆಗೆ ಹೋಯಿತು. ಆಮೇಲೆ ಇದೇ ಆಟದ ಇನ್ನೊಂದು ಅವತಾರ ಬಂತು. ದೊಡ್ಡ ಅಧಿಕಾರಿಯ ಹೆಸರಲ್ಲಿ ರಿಕ್ವೆಸ್ಟ್ ಬರುತ್ತದೆ. ನಾಲ್ಕು ಮಾತಿನ ಮೇಲೆ, "ಸಿಆರ್‌ಪಿಎಫ್‌ನಲ್ಲಿರುವ ನನ್ನ ಗೆಳೆಯನಿಗೆ ವರ್ಗವಾಗಿದೆ, ಮನೆಯ ಸೋಫಾ, ಫ್ರಿಜ್, ಟಿವಿ ಎಲ್ಲ ಅಗ್ಗಕ್ಕೆ ಮಾರುತ್ತಿದ್ದಾನೆ, ನಿಮ್ಮ ನಂಬರು ಕೊಟ್ಟಿದ್ದೇನೆ" ಎನ್ನುತ್ತದೆ. ಸಾಹೇಬರೇ ಹೇಳಿದ ಮೇಲೆ ಅನುಮಾನ ಎಲ್ಲಿಂದ ಬಂದೀತು? ಮುಂಗಡ ಹೋಗುತ್ತದೆ, ಸೋಫಾ ಬರುವುದಿಲ್ಲ. ಸಾಹೇಬರು ನನ್ನನ್ನೇ ಹುಡುಕಿಕೊಂಡು ಗೆಳೆತನಕ್ಕೆ ಯಾಕೆ ಬಂದರು ಎಂದು ಒಂದು ಗಳಿಗೆ ಕೇಳಿಕೊಂಡಿದ್ದರೆ ಸಾಕಿತ್ತು.

ಎರಡನೆಯದು, ಪರದೇಶದ ಗೆಳೆಯ. ಲಂಡನ್ನಿನ ಡಾಕ್ಟರು, ಅಮೆರಿಕದ ಸೈನಿಕ. ನಿಮಗೆ ಚಿನ್ನ, ಡಾಲರು ಪಾರ್ಸೆಲ್ ಕಳಿಸಿದ್ದೇನೆ ಅನ್ನುತ್ತಾನೆ. ದಿಲ್ಲಿ ವಿಮಾನ ನಿಲ್ದಾಣದ ಕಸ್ಟಮ್ಸ್‌ನಿಂದ ಎಂದು ಫೋನ್ ಬರುತ್ತದೆ, ಸುಂಕ ಕಟ್ಟಿ ಅಂತ. ಇಲ್ಲದ ಪಾರ್ಸೆಲ್ಲಿಗೆ ಇರುವ ಬಂಗಾರ ಅಡ ಇಟ್ಟವರುಂಟು.

ಮೂರನೆಯದು ಹರೆಯದ ಹುಡುಗರ ಬುಡಕ್ಕೇ ಕೊಡಲಿ. ಹೆಣ್ಣಿನ ಹೆಸರು, ಚೆಂದದ ಫೋಟೋ, ರಾತ್ರಿ ವಿಡಿಯೋ ಕಾಲ್. ಎರಡು ನಿಮಿಷದ ದೃಶ್ಯ ಹಿಡಿದಿಟ್ಟುಕೊಂಡು, "ನಿಮ್ಮಪ್ಪಗ ಕಳಿಸ್ತೀನಿ, ಊರಿಗೆಲ್ಲ ಕಳಿಸ್ತೀನಿ" ಎಂದು ಹೆದರಿಸುತ್ತಾರೆ. ಕೊಟ್ಟಷ್ಟೂ ಕೇಳುತ್ತಾರೆ. ಮರ್ಯಾದೆಗೆ ಅಂಜಿ ಜೀವ ಕಳೆದುಕೊಂಡ ಹುಡುಗರ ಸುದ್ದಿ ನಮ್ಮ ರಾಜ್ಯದಲ್ಲೂ ಬಂದಿದೆ.

ನಾಲ್ಕನೆಯದು ಬರೀ ರೊಕ್ಕದ ಮಾತಲ್ಲ, ದೇಶದ ಮಾತು. 2019ರ ಡಿಸೆಂಬರಿನಲ್ಲಿ ಆಂಧ್ರ ಪೊಲೀಸರು ನೌಕಾಪಡೆಯ ಏಳು ಸಿಬ್ಬಂದಿಯನ್ನು ಹಿಡಿದರು. ಜಾಲತಾಣದಲ್ಲಿ ಹೆಣ್ಣಿನ ಹೆಸರಿನಲ್ಲಿ ಬಂದ ಗೆಳೆತನಕ್ಕೆ ಬಿದ್ದು ಹಡಗುಗಳ ಸುಳಿವನ್ನು ಪಾಕಿಸ್ತಾನಕ್ಕೆ ಕೊಟ್ಟರು ಎಂಬುದು ಆರೋಪ. ವಿಶಾಖಪಟ್ಟಣ, ಮುಂಬೈ ಜತೆಗೆ ನಮ್ಮ ಕಾರವಾರದ ಹೆಸರೂ ಆ ಪ್ರಕರಣದಲ್ಲಿ ಬಂತು. 2025ರ ಫೆಬ್ರವರಿಯಲ್ಲಿ ರಾಷ್ಟ್ರೀಯ ತನಿಖಾ ದಳದವರು ಉತ್ತರ ಕನ್ನಡದ ಇಬ್ಬರನ್ನು ಬಂಧಿಸಿದರು. ಫೇಸ್‌ಬುಕ್ಕಿನಲ್ಲಿ ಅಧಿಕಾರಿ ಎಂದು ಹೇಳಿಕೊಂಡು ಹೆಣ್ಣಿನ ಹೆಸರಿನ ಖಾತೆಯೊಂದು ಗೆಳೆತನ ಬೆಳೆಸಿತು, ಹಣದ ಆಸೆ ತೋರಿಸಿ ಕಾರವಾರ ನೌಕಾನೆಲೆಯ ಮಾಹಿತಿ ಪಡೆಯಿತು ಎನ್ನುವುದು ತನಿಖಾ ದಳದ ಆರೋಪ. ತಪ್ಪಿತಸ್ಥರು ಹೌದೋ ಅಲ್ಲವೋ ನ್ಯಾಯಾಲಯ ಹೇಳಬೇಕು, ನಾವಲ್ಲ. ಆದರೆ ಒಂದಂತೂ ಖರೆ. ಇಂಥದ್ದೆಲ್ಲ ಶುರುವಾಗುವುದು ಬಾಂಬಿನಿಂದಲ್ಲ, ಒಂದು ಫ್ರೆಂಡ್ ರಿಕ್ವೆಸ್ಟಿನಿಂದ. ನಮ್ಮಲ್ಲೂ ಜಲಾಶಯ ಇದೆ, ವಿದ್ಯುದಾಗಾರ ಇದೆ, ರೈಲು ಹಳಿ ಇದೆ. ಅಲ್ಲಿ ನೌಕರಿ ಮಾಡುವ ಹುಡುಗರೂ ಇದ್ದಾರೆ.

ಕಟ್ಟೆಯ ಪ್ರಶ್ನೆ ಮೊಬೈಲಿಗೂ ಕೇಳಿ

ಹಾಗಾದರೆ ಮಾಡುವುದೇನು? ಹೊಸ ವಿದ್ಯೆ ಏನೂ ಬೇಡ. ಹುಲಿಗಿ ಕಟ್ಟೆಯ ಎರಡು ಪ್ರಶ್ನೆ ಸಾಕು.

"ಯಾವೂರು?" ಎಂದರೆ ಆ ಖಾತೆಯ ಒಳಹೊಕ್ಕು ನೋಡುವುದು. ಎಂದು ಹುಟ್ಟಿದ ಖಾತೆ? ಮಾಸ್ತರರ ವಯಸ್ಸು ಅರವತ್ತೈದು, ಖಾತೆಗೆ ಹದಿನೈದು ದಿನ. ಇದರಲ್ಲೇ ಅರ್ಧ ಉತ್ತರ ಸಿಕ್ಕಿತು. ಹಳೆಯ ಫೋಟೋಗಳಿವೆಯೆ? ಮದುವೆ, ಜಾತ್ರೆ, ಮಳೆ, ಬೆಳೆ ಯಾವುದಾದರೂ ವರ್ಷಗಟ್ಟಲೆಯ ಜೀವನ ಕಾಣುತ್ತದೆಯೆ? ಅದರ ಕೆಳಗೆ ಊರ ಮಂದಿ ಕಾಲೆಳೆದಿದ್ದಾರೆಯೆ? ಖರೇ ಮನುಷ್ಯನ ಫೋಟೋ ಕೆಳಗೆ ಯಾರಾದರೂ ಒಬ್ಬ "ಹೊಟ್ಟಿ ಬಂದೈತಲ್ಲೋ" ಅಂದೇ ಅಂದಿರುತ್ತಾನೆ. ನಕಲಿಯ ಕೆಳಗೆ ಬರೀ "ನೈಸ್ ಪಿಕ್". ಖಾತೆಯ ಮೇಲಿರುವ ಹೆಸರೊಂದು, ಅದರ ಕೊಂಡಿಯಲ್ಲಿರುವ ಹೆಸರು ಇನ್ನೊಂದು ಇದ್ದರೆ ಅಲ್ಲೇ ನಿಲ್ಲಿ. ಚೆಂದದ ಫೋಟೋ ಇದ್ದರೆ ಅದನ್ನು ಗೂಗಲ್ ಲೆನ್ಸಿಗೆ ಕೊಟ್ಟು ನೋಡಿ. ಅದೇ ಮುಖ ಬೇರೆ ಹೆಸರಲ್ಲಿ, ಬೇರೆ ದೇಶದಲ್ಲಿ ಸಿಕ್ಕರೆ ಬಣ್ಣ ಬಯಲಾಯಿತು. ಸಿಗಲಿಲ್ಲ ಎಂದ ಮಾತ್ರಕ್ಕೆ ಖರೆ ಎಂದು ತಿಳಿಯಬೇಡಿ. ಕಂಪ್ಯೂಟರು ಈಗ ಇಲ್ಲದ ಮನುಷ್ಯನ ಮುಖವನ್ನೂ ಬರೆದು ಕೊಡುತ್ತದೆ.

"ಯಾರ ಪೈಕಿ?" ಎಂದರೆ ಮ್ಯೂಚುವಲ್ ಫ್ರೆಂಡ್ಸ್. ಇಲ್ಲಿಯೇ ನಾವು ಎಡವುವುದು. ಮೂವತ್ತು ಮಂದಿ ಇದ್ದಾರೆ ಎಂದು ಎಣಿಸುತ್ತೇವೆ, ಅವರಲ್ಲಿ ಒಬ್ಬರನ್ನೂ ಕೇಳುವುದಿಲ್ಲ. ಆ ಮೂವತ್ತು ಮಂದಿಯೂ ಒಬ್ಬರನ್ನೊಬ್ಬರು ನೋಡಿ ಒತ್ತಿದವರೇ ಇರಬಹುದು. ಎಣಿಸಬೇಡಿ, ಕೇಳಿ. ಒಬ್ಬರಿಗೆ ಫೋನ್ ಮಾಡಿ, "ಇವ್ರನ್ನ ನೀವು ಕಣ್ಣಾರೆ ನೋಡೀರೇನು?" ಎನ್ನಿ. ನೋಡಿಲ್ಲ ಅಂದರೆ ಇನ್ನೊಬ್ಬರಿಗೆ.

ಮೊದಲೇ ಪಟ್ಟಿಯಲ್ಲಿ ಇರುವವರಿಂದ ಎರಡನೇ ರಿಕ್ವೆಸ್ಟ್ ಬಂದರೆ ನಕಲಿ ಎಂದೇ ತಿಳಿದು ಶುರು ಮಾಡಿ. ಅವರ ಹಳೆಯ ನಂಬರಿಗೆ ಫೋನ್ ಮಾಡಿ. ಹೊಸ ಖಾತೆಯಲ್ಲಿ ಕೊಟ್ಟ ಹೊಸ ನಂಬರಿಗೆ ಅಲ್ಲ, ನಿಮ್ಮ ಹತ್ತಿರ ಮೊದಲಿನಿಂದ ಇದ್ದ ನಂಬರಿಗೆ. ಕಳ್ಳನನ್ನೇ ಕೇಳಿದರೆ ಕಳ್ಳ ಏನೆಂದಾನು? ವಿಡಿಯೋದಲ್ಲಿ ಮುಖ ಕಂಡಿತು, ಧ್ವನಿ ಕೇಳಿತು ಎಂದೂ ಪೂರ್ತಿ ನಂಬುವ ಕಾಲ ಹೋಯಿತು. ಎರಡನ್ನೂ ನಕಲು ಮಾಡುವ ತಂತ್ರ ಬಂದಿದೆ. ನಿಮಗಿಬ್ಬರಿಗೇ ಗೊತ್ತಿರುವ ಮಾತೊಂದು ಕೇಳಿ. "ಸರ, ನಮ್ಮ ಶಾಲಿ ಗಂಟಿ ಎಲ್ಲಿ ಕಟ್ಟಿದ್ರು?" ಎಂದು ಆ ನರ್ಸ್ ಮೊದಲೇ ಕೇಳಿದ್ದರೆ ಭರತಪುರದವನಿಗಾಗಲಿ ಬೆಂಗಳೂರಿನವನಿಗಾಗಲಿ ಉತ್ತರ ಎಲ್ಲಿಂದ ಬರಬೇಕು?

ಭಾಷೆಯನ್ನೂ ಕಿವಿಗೊಟ್ಟು ಕೇಳಿ. ಕೊಪ್ಪಳದ ಮನುಷ್ಯ ಇದ್ದಕ್ಕಿದ್ದಂತೆ ಪಠ್ಯಪುಸ್ತಕದ ಕನ್ನಡ ಬರೆದರೆ ಅವನು ಕೊಪ್ಪಳದವನಲ್ಲ. ಇದೊಂದೇ ಸಾಕ್ಷಿ ಸಾಲದು, ಆದರೆ ಅನುಮಾನಕ್ಕೆ ಸಾಕು.

ರೊಕ್ಕದ ಮಾತು ಬಂದರಂತೂ ಚಾಟಿಂಗು ಅಲ್ಲಿಗೆ ಮುಗಿಯಬೇಕು. ಫೋನ್ ಪೇ, ಗೂಗಲ್ ಪೇಯಲ್ಲಿ ರೊಕ್ಕ ಹಾಕುವ ಮೊದಲು ಪರದೆಯ ಮೇಲೆ ಪಡೆಯುವವರ ಹೆಸರು ಬರುತ್ತದೆ. ಹಮಾಲಿ ಹುಡುಗನಿಗೂ ಬಂದಿತ್ತು. ಮಾಸ್ತರರ ಹೆಸರಲ್ಲ, ಕೇಳರಿಯದ ಯಾವುದೋ ಹೆಸರು. ಆಸ್ಪತ್ರೆಯವರದ್ದು ಇರಬೇಕು ಎಂದುಕೊಂಡ. ಹೆಸರು ಬೇರೆ ಇದ್ದರೆ ಕೈ ಹಿಂದೆ ತೆಗೆಯಿರಿ. ಮತ್ತೆ, ರೊಕ್ಕ ಪಡೆಯಲು ಎಂದೂ ಪಿನ್ ಒತ್ತಬೇಕಾಗಿಲ್ಲ. ಪಿನ್ ಇರುವುದು ಕೊಡುವುದಕ್ಕೆ.

ನಮ್ಮ ಬಾಗಿಲು ನಾವು ಹಾಕಿಕೊಂಡಿದ್ದೇವೆಯೆ?

ಕಳ್ಳನಿಗೆ ಬೈದರೆ ಸಾಲದು. ಜಾತ್ರೆ ಬಂತೆಂದರೆ ಹುಲಿಗಿಯಿಂದ ಮುನಿರಾಬಾದ್‌ವರೆಗೆ ಫ್ಲೆಕ್ಸು. 'ಶುಭ ಕೋರುವವರು' ಎಂದು ಸಾಲು ಸಾಲು ಮುಖ, ಹೆಸರು, ಕೆಲವದರಲ್ಲಿ ಮೊಬೈಲ್ ನಂಬರು. ಅದರದ್ದೇ ಫೋಟೋ ಮೊಬೈಲಿನಲ್ಲಿ. ಜತೆಗೆ ಹುಟ್ಟಿದ ತಾರೀಖು, ಮಕ್ಕಳ ಶಾಲೆ, ಇವತ್ತು ಮನೆಮಂದಿಯೆಲ್ಲ ಧರ್ಮಸ್ಥಳಕ್ಕೆ ಹೊರಟಿದ್ದೇವೆ ಎಂಬ ಪ್ರಕಟಣೆ. ಕಳ್ಳ ಇನ್ನೇನು ಕೇಳಬೇಕು?

ಫೇಸ್‌ಬುಕ್ಕಿನವರು 2020ರ ಮೇ ತಿಂಗಳಲ್ಲಿ ಭಾರತದವರಿಗೆಂದೇ ಪ್ರೊಫೈಲಿಗೆ ಬೀಗ ಹಾಕುವ ಸೌಕರ್ಯ ಕೊಟ್ಟರು. ಬೀಗ ಹಾಕಿದರೆ ಗೆಳೆಯರಲ್ಲದವರಿಗೆ ನಿಮ್ಮ ಫೋಟೋ ದೊಡ್ಡದಾಗಿ ಕಾಣದು, ಬರೆದದ್ದು ಕಾಣದು. ಗೆಳೆಯರ ಪಟ್ಟಿಯನ್ನು ನಮಗೆ ಮಾತ್ರ ಕಾಣುವಂತೆ ಇಟ್ಟುಕೊಳ್ಳಬಹುದು. ಇದೊಂದು ಮಾಡಿದರೂ ನಿಮ್ಮ ಹೆಸರಲ್ಲಿ ಖಾತೆ ಮಾಡಿದವನಿಗೆ ಯಾರಿಗೆ ರಿಕ್ವೆಸ್ಟ್ ಕಳಿಸಬೇಕೆಂದೇ ತಿಳಿಯದು. ಸೆಟ್ಟಿಂಗಿನಲ್ಲಿ ಹುಡುಕಿದರೆ ಐದು ನಿಮಿಷದ ಕೆಲಸ. ಬರದಿದ್ದರೆ ಮನೆಯಲ್ಲಿ ಕಾಲೇಜಿಗೆ ಹೋಗುವ ಹುಡುಗಿಗೆ ಹೇಳಿ, ಮಾಡಿ ಕೊಡುತ್ತಾಳೆ. ಹೆಣ್ಣುಮಕ್ಕಳು ಇದರಲ್ಲಿ ನಮಗಿಂತ ಜಾಣರು. ಅಪರಿಚಿತರ ಕಾಟ ಮೊದಲು ಉಂಡವರು ಅವರು.

ಕೇಳುವುದಕ್ಕೂ ಒಂದು ಮರ್ಯಾದೆ

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. "ಯಾರ ಪೈಕಿ" ಎಂಬ ನಮ್ಮ ಪ್ರಶ್ನೆ ಪೂರ್ತಿ ಪವಿತ್ರವೇನಲ್ಲ. ಅದರ ಹೊಟ್ಟೆಯಲ್ಲಿ ಜಾತಿ ಕೇಳುವ ಚಾಳಿಯೂ ಇದೆ. ಮುತ್ತು ಕಟ್ಟುವುದನ್ನು 1982ರ ಕಾನೂನು ನಿಷೇಧಿಸಿದ ಮೇಲೂ, ಆ ತಾಯಂದಿರ ಮಕ್ಕಳು ಅಪ್ಪನ ಹೆಸರು ಕೇಳಿಸಿಕೊಂಡು ತಲೆ ತಗ್ಗಿಸಿದ್ದನ್ನು ನಮ್ಮ ಸೀಮೆಯವರೆಲ್ಲ ಕಂಡಿದ್ದೇವೆ. ನಾನು ಆ ಪ್ರಶ್ನೆಯನ್ನು ಮರಳಿ ತನ್ನಿ ಅನ್ನುತ್ತಿಲ್ಲ. ಕುಲ ಕೇಳುವುದು ಬೇರೆ, ಗುರುತು ಕೇಳುವುದು ಬೇರೆ. ನೀನು ಯಾವ ಜಾತಿ ಎನ್ನುವುದು ಬೇಡ, ನೀನು ಹೇಳುತ್ತಿರುವ ಮನುಷ್ಯ ನೀನೇ ಹೌದೋ ಎನ್ನುವುದು ಬೇಕು.

ಎಲ್ಲರನ್ನೂ ಕಳ್ಳರೆಂದು ಬಾಗಿಲು ಜಡಿಯುವುದೂ ಬೇಡ. ಏಳನೇ ಇಯತ್ತೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳೆಯ ಗೋವಾಕ್ಕೆ ದುಡಿಯಲು ಹೋದವನು ಹದಿನೆಂಟು ವರ್ಷದ ಮೇಲೆ ನನಗೆ ಸಿಕ್ಕಿದ್ದು ಒಂದು ಫ್ರೆಂಡ್ ರಿಕ್ವೆಸ್ಟಿನಿಂದಲೇ. ಅವನು ಗಡ್ಡ ಬಿಟ್ಟಿದ್ದ, ಗುರುತು ಸಿಗಲಿಲ್ಲ. "ಯಾರು?" ಎಂದು ಕೇಳಿದೆ. "ಮಾಸ್ತರ ಛಡಿ ನಾವಿಬ್ರೂ ಸೇರಿ ಬಾವ್ಯಾಗ ಒಗದಿದ್ವಲ್ಲೋ" ಎಂದ. ಖರೇ ಗೆಳೆಯನಿಗೆ ಪ್ರಶ್ನೆ ಕೇಳಿದರೆ ಸಿಟ್ಟು ಬರುವುದಿಲ್ಲ, ನಗು ಬರುತ್ತದೆ. ಕೇಳಿದ ಕೂಡಲೇ "ನನ್ನ ಮೇಲೆ ನಂಬಿಕೆ ಇಲ್ಲವೆ?" ಎಂದು ಮುನಿಸಿಕೊಳ್ಳುವವನ ಮೇಲೆ ಒಂದು ಕಣ್ಣಿಡಿ.

ಮೋಸ ಹೋದವರಿಗೆ

ಹೋದದ್ದು ಗೊತ್ತಾದ ಕೂಡಲೇ 1930ಕ್ಕೆ ಕರೆ ಮಾಡಿ. ಒಂದು ತಾಸಿನೊಳಗೆ ಮಾಡಿದರೆ ಹಣಕ್ಕೆ ತಡೆ ಬೀಳುವ ಆಸೆ ಹೆಚ್ಚು. ನರ್ಸ್‌ಗೂ ಹಮಾಲಿಗೂ ಇದ್ದ ಫರಕು ಅದೊಂದೇ. ಬ್ಯಾಂಕಿಗೂ ತಿಳಿಸಿ. ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮನೆಯಿಂದಲೇ ದೂರು ಕೊಡಬಹುದು. ಜಿಲ್ಲಾ ಕೇಂದ್ರದಲ್ಲಿ ಸೆನ್ ಪೊಲೀಸ್ ಠಾಣೆ ಇರುವುದೇ ಇದಕ್ಕೆ. ಸಂದೇಶ ಅಳಿಸಬೇಡಿ. ಖಾತೆಯ ಕೊಂಡಿ, ಸಂದೇಶದ ಸ್ಕ್ರೀನ್‌ಶಾಟ್, ರೊಕ್ಕ ಹೋದ ವಹಿವಾಟಿನ ನಂಬರು, ಮೂರನ್ನೂ ಇಟ್ಟುಕೊಳ್ಳಿ. ಇನ್ನೊಬ್ಬರ ಗುರುತು ಕದ್ದು ಮೋಸ ಮಾಡುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 66ಸಿ, 66ಡಿ ಕಲಮಿನಡಿ ಅಪರಾಧ, ಮೂರು ವರ್ಷದವರೆಗೆ ಜೈಲು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ ವೇಷ ಮರೆಸಿ ವಂಚಿಸುವುದಕ್ಕೆ ಶಿಕ್ಷೆ ಇದೆ.

ವಿಡಿಯೋ ತೋರಿಸಿ ಹೆದರಿಸುವವರಿಗೆ ಒಂದು ರೂಪಾಯಿ ಕೊಡಬೇಡಿ. ಮನೆಯಲ್ಲಿ ಯಾರಾದರೂ ಒಬ್ಬರಿಗೆ ಹೇಳಿ. ಮನಸ್ಸು ಕೆಟ್ಟ ಯೋಚನೆ ಮಾಡಿದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಹಗಲು ರಾತ್ರಿ ಎತ್ತುತ್ತಾರೆ. ತಂದೆ ತಾಯಿಗಳಿಗೂ ಒಂದು ಮಾತು. ಹುಡುಗ ಬಂದು ಹೇಳಿದ ದಿನ ಬಡಿಗೆ ಎತ್ತಬೇಡಿ. ಹೇಳಿದ್ದಾನಲ್ಲ, ಅದು ದೊಡ್ಡದು.

ಪೊಲೀಸರಿಗೆ, ದೇವಸ್ಥಾನದ ಆಡಳಿತದವರಿಗೆ ಒಂದು ವಿನಂತಿ. ಹುಣ್ಣಿಮೆ ದಿನ ಧ್ವನಿವರ್ಧಕದಲ್ಲಿ ಕಳೆದ ಮಕ್ಕಳ ಹೆಸರು ಕೂಗುತ್ತೀರಿ, ಜೇಬುಗಳ್ಳರಿದ್ದಾರೆ ಎಚ್ಚರ ಎಂದು ಕೂಗುತ್ತೀರಿ. ಜತೆಗೆ "ಗುರುತಿಲ್ಲದವರ ರಿಕ್ವೆಸ್ಟ್ ಒಪ್ಪಬೇಡಿ, ರೊಕ್ಕ ಹೋದರೆ 1930" ಎಂದು ಇನ್ನೊಂದು ಸಾಲು ಕೂಗಿದರೆ ಗಂಟಲೇನೂ ಬೀಳದು. ಜೇಬುಗಳ್ಳ ಒಬ್ಬರ ಜೇಬು ಕತ್ತರಿಸುತ್ತಾನೆ, ಇವನು ಇಡೀ ಓಣಿಯದು.

ಮಾಸ್ತರರ ಮಾತು

ಆ ಘಟನೆಯ ಮೇಲೆ ಮಾಸ್ತರರು ಒಂದು ತಿಂಗಳು ಹೊರಗೆ ಬರಲಿಲ್ಲ. ಚಹಾದಂಗಡಿಗೆ ಬರುವುದು ಬಿಟ್ಟರು. ತಪ್ಪು ಅವರದ್ದಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಗಂಗಾವತಿಯ ಹುಡುಗನನ್ನು ಕರೆಸಿ ಪಿಂಚಣಿ ದುಡ್ಡಿನಲ್ಲಿ 2,000 ರೂಪಾಯಿ ಅವನ ಕೈಯಲ್ಲಿಟ್ಟರು. ಅವನು ಬೇಡ ಬೇಡ ಎಂದ. ನಾನು ಕೊಡುತ್ತೇನೆ ಸರ ಎಂದು ನಾನು ಮುಂದಾದೆ. ಅವರು ಒಪ್ಪಲಿಲ್ಲ.

"ನನ್ನ ಮಾರಿ ನೋಡಿ ಕೊಟ್ಟಾನ. ನನ್ನ ಮಾರಿ ಮ್ಯಾಲೆ ಸಾಲ ಉಳೀಬಾರ್ದು" ಎಂದರು.

ಅವರ ಮುಖವನ್ನು ಯಾವನೋ ಕದ್ದ. ಆ ಕದ್ದ ಮುಖಕ್ಕೆ ಜಾಮೀನು ನಿಂತವನು ನಾನು. ಸಾಲ ತೀರಿಸಿದವರು ಅವರು. ಇದು ಯಾವ ನ್ಯಾಯ?

ಅವತ್ತು ರಾತ್ರಿ ಕೂತು ನನ್ನ ಪಟ್ಟಿ ತೆಗೆದೆ. ಯಾವೂರು, ಯಾರ ಪೈಕಿ ಎಂದು ಒಬ್ಬೊಬ್ಬರನ್ನೇ ನೋಡುತ್ತ ಹೋದೆ. ಬೆಳಗಿನ ಜಾವದ ಹೊತ್ತಿಗೆ ಆರು ನೂರಕ್ಕೂ ಹೆಚ್ಚು ಮಂದಿಯನ್ನು ತೆಗೆದು ಹಾಕಿದೆ. ಅವರಲ್ಲಿ ಖರೇ ಮನುಷ್ಯರೂ ಇದ್ದಿರಬಹುದು. ಅಂಥವರ ಕ್ಷಮೆ ಕೇಳುತ್ತೇನೆ. ಮತ್ತೆ ಬನ್ನಿ, ಬಾಗಿಲಲ್ಲಿ ಎರಡು ಪ್ರಶ್ನೆ ಕೇಳುತ್ತೇನೆ, ಉತ್ತರ ಹೇಳಿ, ಒಳಗೆ ಬಂದು ಚಹಾ ಕುಡಿಯಿರಿ.

ಓದುಗರೇ, ಈ ಹೊತ್ತು ಪೇಪರು ಮಡಚಿಟ್ಟ ಮೇಲೆ ನಿಮ್ಮ ಪಟ್ಟಿಯನ್ನೂ ಒಮ್ಮೆ ತೆಗೆದು ನೋಡಿ. ನೀವು ಗುರುತಿಲ್ಲದೆ ಸಹಿ ಹಾಕಿದ ಜಾಮೀನುಗಳು ಅದರಲ್ಲಿ ಎಷ್ಟಿವೆ?